ಪುಣೆ ಹತ್ತಿರದ ಭೋಸರಿಯ ಪ್ರೆಸ್ ಶಾಪಿನಲ್ಲಿ (ಲೋಹದ ತಗಡು ಒತ್ತುವ ಕಾರ್ಖಾನೆ) ತಮ್ಮನ ಬೆರಳು ಹೋಯಿತು, ಪರಿಹಾರ ಯಾರು ಕೊಡಬೇಕು?

ನಿಮ್ಮ ತಮ್ಮನನ್ನು ಕೆಲಸಕ್ಕೆ ಹಚ್ಚಿದ ಗುತ್ತಿಗೆದಾರ ಬಹುಶಃ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಹಣ ಕಟ್ಟಿಲ್ಲ. ಅದಕ್ಕೇ ಕಂಪನಿಯವರು "ಅವನು ನಮ್ಮ ಆಳಲ್ಲ" ಅನ್ನುತ್ತಿದ್ದಾರೆ. ನಂಬಬೇಡಿ. ಗುತ್ತಿಗೆದಾರ ಕಟ್ಟದಿದ್ದರೆ ಮೂಲ ಕಂಪನಿಯೇ ಹೊಣೆ.

ಮೊದಲು ಆಸ್ಪತ್ರೆಯ ಕಾಗದ ಓದಿ. ನಮ್ಮ ಭಾವನಿಗೆ ಹೀಗೇ ಆದಾಗ "ಮನೆ ಬಾಗಿಲಿಗೆ ಕೈ ಸಿಕ್ಕಿತು" ಎಂದು ಬರೆಸಿಬಿಟ್ಟಿದ್ದರು! ಹಾಗೇನಾದರೂ ಇದ್ದರೆ ಇವತ್ತೇ ಡಾಕ್ಟರಿಗೆ ಬರೆದುಕೊಟ್ಟು ಸರಿಮಾಡಿಸಿ. ಇದೊಂದು ತಪ್ಪಿದರೆ ಮುಂದಿನದೆಲ್ಲ ಕಷ್ಟ. ಗೇಟ್ ಪಾಸ್, ಸಂಬಳ ಬಂದ ಬ್ಯಾಂಕ್ ಎಂಟ್ರಿ, ಗಾರ್ಡ್ (ಕೈ ಸಿಗದಂತೆ ತಡೆಯುವ ಕವಚ) ಇಲ್ಲದ ಪ್ರೆಸ್ಸಿನ ಫೋಟೋ ಎತ್ತಿಡಿ. ನಿಮ್ಮ ತಮ್ಮ ಖಾಲಿ ಕಾಗದಕ್ಕೆ ಸಹಿ ಹಾಕಬಾರದು.

ಆಮೇಲೆ ಇಎಸ್‌ಐ ಶಾಖೆಗೆ ಹೋಗಿ ಅಪಘಾತದ ವರದಿ ಬಂದಿದೆಯಾ ಕೇಳಿ. ಇಲ್ಲದಿದ್ದರೆ ನೀವೇ ಅರ್ಜಿ ಕೊಟ್ಟು, ನಕಲಿನ ಮೇಲೆ ಸೀಲ್ ಹಾಕಿಸಿಕೊಳ್ಳಿ. ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದರೆ, ಕೆಲಸಕ್ಕೆ ಸೇರಿದ ಮೊದಲ ದಿನ ಗಾಯವಾದರೂ ಹಕ್ಕಿದೆ. ಕೆಲಸ ಮಾಡಲಾಗದ ದಿನಗಳಿಗೆ ಸಂಬಳದ ಸುಮಾರು ಶೇ. 90 ಸಿಗುತ್ತದೆ. ಬೆರಳಿಗೆ ಎಷ್ಟು ಅನ್ನುವುದು ಮೆಡಿಕಲ್ ಬೋರ್ಡ್ ನೋಡಿದ ಮೇಲೆಯೇ, ಈಗ ಹೇಳೋಕಾಗಲ್ಲ. ಸಂಬಳ ಅದಕ್ಕಿಂತ ಜಾಸ್ತಿಯಿದ್ದರೆ ಪರಿಹಾರದ ದಾರಿ ಬೇರೆ, ಕಾರ್ಮಿಕ ವಕೀಲರನ್ನು ನೋಡಿ.

ಗಾರ್ಡ್ ತೆಗೆದು ದುಡಿಸಿದ್ದಕ್ಕೆ ಪುಣೆಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಕಚೇರಿಗೂ ದೂರು ಕೊಡಿ. ಆ ಪ್ರೆಸ್ಸಿನ ಮುಂದೆ ಈಗ ಇನ್ನೊಬ್ಬ ಹುಡುಗ ಕೂತಿರುತ್ತಾನೆ ಅಲ್ವಾ.