ಮೇಲ್ವಿಚಾರಕರಿಗೆ ಸರಿಯಾದ ನಿರ್ಧಾರ ಮಾಡುವುದನ್ನು ಕಲಿಸುವ ತರಬೇತಿ ಯಾವುದಿದೆ?

ಸಣ್ಣಪುಟ್ಟದ್ದಕ್ಕೂ ನಿಮಗೇ ಫೋನ್ ಬರುತ್ತದೆ, ಅವರನ್ನು ಯಾವ ತರಬೇತಿಗೆ ಕಳಿಸಲಿ ಎಂದು ಕೇಳಿದ್ದೀರಿ. ನಾನು ಕಳಿಸಿ ನೋಡಿದವನು. ವಿಜಯಪುರದ ಒಂದು ಹೋಟೆಲಿನಲ್ಲಿ ಎರಡು ದಿನ, ಐದು ಜನ, ಊಟ ಸಮೇತ 30,000 ರೂಪಾಯಿ. ತಲಾ ಒಂದು ಫೈಲು ಹಿಡಿದು ಬಂದರು. ಅದರಲ್ಲೊಂದರಲ್ಲಿ ಈಗ ನನ್ನ ಹೆಂಡತಿ ಕರೆಂಟ್ ಬಿಲ್ಲು ಇಡುತ್ತಾಳೆ.

ತಿಕೋಟಾ ಹತ್ತಿರ ನಮ್ಮದು ಒಣದ್ರಾಕ್ಷಿ ಶೆಡ್ಡು. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ರ‍್ಯಾಕಿನ ಮೇಲೆ ಹದಿನೈದು ದಿನದ ಆಸುಪಾಸು ಒಣಗಿದರೆ ಒಂದು ಕಿಲೋ ಮಾಲು. ಅಷ್ಟು ದಿನವೂ ಆಕಾಶ ನೋಡುವುದೇ ಕೆಲಸ. ಬದಿಗೆ ತಾಡಪತ್ರಿ ಇಳಿಬಿಟ್ಟರೆ ಗಾಳಿ ನಿಂತು ಹಸಿರು ಕಾಳು ಕಂದಾಗುತ್ತದೆ, ದರ ಇಳಿಯುತ್ತದೆ. ಬಿಡದಿದ್ದರೆ, ಮಳೆಯ ಎರಚಲು ಬಡಿದು ಮಾಲೇ ಕಪ್ಪಾಗುತ್ತದೆ.

ಕೆಲವು ವರ್ಷಗಳ ಹಿಂದಿನ ಮಾರ್ಚ್. ಸಂಜೆ ಮೋಡ ಕಟ್ಟಿತ್ತು, ಗುಡುಗು ಕೇಳುತ್ತಿತ್ತು, ಮುನ್ಸೂಚನೆಯಲ್ಲೂ ಮಳೆ ಇತ್ತು. ಒಂದು ಶೆಡ್ಡು ನೋಡಿಕೊಳ್ಳುತ್ತಿದ್ದ ಹುಡುಗ ಆಳು ಕರೆಸಿ ತಾಡಪತ್ರಿ ಇಳಿಸಿ, ಎರಡು ರಾತ್ರಿ ಒಂದು ಹಗಲು ಮುಚ್ಚಿಟ್ಟ. ಇನ್ನೊಂದು ಶೆಡ್ಡಿನವನು ಪಕ್ಕದೂರಿನ ಜಾತ್ರೆಗೆ ಹೋಗಿದ್ದ. ಮಳೆ ಬರಲಿಲ್ಲ.

ಮುಚ್ಚಿದ ಶೆಡ್ಡಿನ ಮಾಲಿಗೆ ಕಿಲೋಗೆ 12 ರೂಪಾಯಿ ಕಡಿಮೆ ಸಿಕ್ಕಿತು. ನಾಲ್ಕು ಟನ್ನಿಗೆ 48,000. ತೂಕದ ಕಾಟಾ ಪಕ್ಕದಲ್ಲಿ, ಕಡ್ಡಿ ಆರಿಸುತ್ತ ಕುಳಿತಿದ್ದ ಹೆಂಗಸರ ಎದುರಿಗೇ ಆ ಹುಡುಗನನ್ನು ‘ಬಾರದ ಮಳೆಗೆ ಕೊಡೆ ಬಿಚ್ಚಿದವನು’ ಎಂದೆ. ಎಲ್ಲರೂ ನಕ್ಕರು. ಜಾತ್ರೆಗೆ ಹೋದವನ ಹೆಗಲ ಮೇಲೆ ಕೈ ಹಾಕಿ ‘ಎದೆಗಾರ’ ಎಂದು 500 ರೂಪಾಯಿ ಕೊಟ್ಟೆ.

ಇದನ್ನು ಬಿಡಿಸಿಯೇ ಹೇಳುತ್ತೇನೆ, ಬೇಸರವಾದರೂ ಓದಿ. ಆ ರಾತ್ರಿ ಮಳೆ ಹೊಡೆದಿದ್ದರೆ ಕಿಲೋಗೆ 70 ರೂಪಾಯಿ ಹೋಗುತ್ತಿತ್ತು, ಅಂದರೆ 2,80,000. ಅಂಥ ಮೋಡ ಐದು ಸಲ ಕಟ್ಟಿ ಒಂದೇ ಸಲ ಸುರಿದರೂ, ಐದೂ ಸಲ ಮುಚ್ಚಿದ್ದಕ್ಕೆ ಹೋಗುವುದು 2,40,000, ಉಳಿಯುವುದು 2,80,000. ಹುಡುಗ ಮಾಡಿದ್ದು ಸರಿ. ಮಳೆ ಕೈಕೊಟ್ಟಿದ್ದಕ್ಕೆ ಅವನೇನು ಮಾಡಬೇಕು? ಜಾತ್ರೆಗೆ ಹೋದವನಂತೂ ನಿರ್ಧಾರವನ್ನೇ ಮಾಡಿರಲಿಲ್ಲ, ಆಕಾಶವನ್ನೂ ನೋಡಿರಲಿಲ್ಲ. ನಾನು ಫಲ ನೋಡಿ ಒಬ್ಬನನ್ನು ಬೈದೆ, ಫಲ ನೋಡಿ ಇನ್ನೊಬ್ಬನನ್ನು ಹೊಗಳಿದೆ. ನನ್ನನ್ನು ಕೇಳಿದರೆ ಬೈಗುಳಕ್ಕಿಂತ ಆ 500 ರೂಪಾಯಿಯೇ ಹೆಚ್ಚು ಹಾಳು ಮಾಡಿತು. ತಾನಾಗಿ ಏನಾದರೂ ಮಾಡಿದರೆ ಅದೃಷ್ಟದ ಹೊಣೆಯೂ ತಲೆಗೆ ಬರುತ್ತದೆ, ಸಾಹುಕಾರರನ್ನು ಕೇಳಿ ಮಾಡಿದರೆ ಬರುವುದಿಲ್ಲ ಎಂಬುದು ಅಂದೇ ಎಲ್ಲರಿಗೂ ತಿಳಿದುಹೋಯಿತು. ನಿಮಗೆ ಬರುವ ಫೋನುಗಳೂ ದಡ್ಡತನದಿಂದ ಬರುತ್ತಿವೆ ಎಂದುಕೊಳ್ಳಬೇಡಿ. ಬಹಳ ಜಾಣತನದಿಂದ ಬರುತ್ತಿವೆ.

ಮಳೆಗಾಲಕ್ಕೆ ಮೊದಲೇ ಹುಡುಗ ಕೆಲಸ ಬಿಟ್ಟ. ಅವನ ಶೆಡ್ಡಿಗೆ ಹಿರಿಯರೊಬ್ಬರು ಬಂದರು, ನಾವೆಲ್ಲ ಕಾಕಾ ಎನ್ನುತ್ತೇವೆ. ಮರು ವರ್ಷದ ಏಪ್ರಿಲ್‌ನಲ್ಲಿ ನಾನು ಜಮಖಂಡಿಯಲ್ಲಿ ಮದುವೆಯ ಊಟಕ್ಕೆ ಕುಳಿತಿದ್ದೆ, ಮೊಬೈಲ್ ಕಾರಿನಲ್ಲಿತ್ತು. ಬಂದು ನೋಡಿದರೆ 17 ಮಿಸ್ಡ್ ಕಾಲ್. ತಾಡಪತ್ರಿಯ ಹಗ್ಗ ಕೈಯಲ್ಲೇ ಹಿಡಿದು, ನಾನು ‘ಹೂಂ’ ಎನ್ನಲಿ ಎಂದು ಕಾಯುತ್ತಿದ್ದರಂತೆ. ಮಳೆ ಕಾಯಲಿಲ್ಲ. ಎಷ್ಟು ಹೋಯಿತು ಎಂದು ಬರೆಯುವುದಿಲ್ಲ, ನನ್ನ ತಮ್ಮನೂ ಇದನ್ನು ಓದುತ್ತಾನೆ.

ಆಮೇಲೆ ಅವರನ್ನು ಆ ಹೋಟೆಲಿಗೆ ಕಳಿಸಿದ್ದು. ಮರಳಿ ಬಂದ ವಾರವೇ ಕಾಕಾ ಫೋನ್ ಮಾಡಿ, “ಸಾಹುಕಾರರೇ, ತಾಡಪತ್ರಿ ಇಳಿಸಲೇ?” ಎಂದು ಕೇಳಿದರು.

ನನ್ನ ಕಣ್ಣು ತೆರೆಸಿದವಳು ಮನಃಶಾಸ್ತ್ರ ಓದುವ ತಂಗಿಯ ಮಗಳು. ಜೊನಾಥನ್ ಬ್ಯಾರನ್ ಮತ್ತು ಜಾನ್ ಹರ್ಷಿ ಎಂಬವರು 1988ರಲ್ಲೇ ಈ ತಪ್ಪನ್ನು ಪರೀಕ್ಷೆ ಮಾಡಿ ತೋರಿಸಿದ್ದಾರಂತೆ. ಹೃದಯದ ಶಸ್ತ್ರಚಿಕಿತ್ಸೆ ಮಾಡಬೇಕೆಂಬ ವೈದ್ಯರ ಒಂದೇ ನಿರ್ಧಾರಕ್ಕೆ, ರೋಗಿ ಬದುಕಿದ ಎಂದಾಗ ಹೆಚ್ಚು ಅಂಕ, ಸತ್ತ ಎಂದಾಗ ಕಡಿಮೆ ಅಂಕ ಬಿದ್ದವು. “ಮಾಮಾ, ನೀವು ಕಾಟಾ ಪಕ್ಕದಲ್ಲಿ ಮಾಡಿದ್ದು ಇದನ್ನೇ” ಎಂದಳು.

ಈಗ ಶೆಡ್ಡಿಗೊಂದು ವಹಿ ಇಟ್ಟಿದ್ದೇನೆ. ಮಾಡುವ ಮೊದಲು ಬರೆಯಬೇಕು, ಮಾಡಿದ ಮೇಲೆ ಬರೆದರೆ ಬೆಲೆಯಿಲ್ಲ. ಕಾಕಾ ಬರೆದದ್ದು ಹೀಗಿರುತ್ತದೆ: ‘ಮೋಡ ನೈಋತ್ಯಕ್ಕೆ. ಮಾಲು 9ನೇ ದಿನ. ಮಳೆ ಬರುವ ಸಾಧ್ಯತೆ ಹತ್ತಕ್ಕೆ ಏಳು. ಮುಚ್ಚುತ್ತೇನೆ, ಬಾರದಿದ್ದರೆ ಬೆಳಿಗ್ಗೆ 8ಕ್ಕೆ ತೆಗೆಯುತ್ತೇನೆ.’ ನನ್ನ ಜಗಳವೇನಿದ್ದರೂ ಆ ಬರಹದ ಜೊತೆ. 50,000 ರೂಪಾಯಿಯೊಳಗಿನ ನಷ್ಟಕ್ಕೆ ನನ್ನನ್ನು ಕೇಳುವಂತಿಲ್ಲ. ಹಂಗಾಮು ಮುಗಿದ ಮೇಲೆ ಎಣಿಸಿದೆವು. ಕಾಕಾ ‘ಹತ್ತಕ್ಕೆ ಏಳು’ ಎಂದು ಬರೆದದ್ದು 11 ಸಲ, ಮಳೆ ಬಂದದ್ದು 4 ಸಲ. ಅವರು ವಹಿಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಮರು ವರ್ಷ ಏಳು ಬರೆಯುವಾಗ ಪೆನ್ನು ಸ್ವಲ್ಪ ತಡೆಯುತ್ತಿತ್ತು.

ಹಾಗೆಂದು ಎಲ್ಲದಕ್ಕೂ ವಹಿ ಹಿಡಿಸಬೇಡಿ. ಕಾಳನ್ನು ಎರಡು ಬೆರಳಲ್ಲಿ ಹಿಸುಕಿ, ಕಿವಿಯ ಹತ್ತಿರ ತಂದು, ‘ಇನ್ನೂ ಒಂದು ದಿನ’ ಎಂದು ಕಾಕಾ ಹೇಳಿದರೆ ನಾನು ಮಾತನಾಡುವುದಿಲ್ಲ. ಮೂವತ್ತು ವರ್ಷ ಹಿಸುಕಿದ್ದಾರೆ, ಪ್ರತಿ ಸಲವೂ ಮರುದಿನವೇ ಸರಿಯೋ ತಪ್ಪೋ ಗೊತ್ತಾಗಿದೆ. ಅದೇ ಕಾಕಾ ಬರುವ ದೀಪಾವಳಿಗೆ ದರ ಏರುತ್ತದೆ ಎಂದರೆ ಚಹಾ ತರಿಸಿ ವಿಷಯ ಬದಲಿಸುತ್ತೇನೆ.

ಆದ್ದರಿಂದ ಅವರನ್ನು ಎಲ್ಲಿಗೂ ಕಳಿಸಬೇಡಿ. ಕಳೆದ ಸಲ ಯಾರನ್ನು ಏಕೆ ಬೈದಿರಿ, ಏಕೆ ಹೊಗಳಿದಿರಿ ಎಂದು ಮೊದಲು ನೀವು ಬರೆದು ನೋಡಿ.

ಆ ಹುಡುಗ ಈಗ ಬಬಲೇಶ್ವರದ ಕಡೆ ಬೇರೊಬ್ಬರ ನಾಲ್ಕು ಶೆಡ್ಡು ನೋಡಿಕೊಳ್ಳುತ್ತಾನೆ. ಕಳೆದ ವರ್ಷ ಮಾರುಕಟ್ಟೆಯಲ್ಲಿ ಸಿಕ್ಕಾಗ ಚಹಾ ಕುಡಿಸಿ, ಐದು ಮೋಡದ ಲೆಕ್ಕವನ್ನು ಬಿಲ್ಲಿನ ಹಿಂದೆ ಬರೆದು ತೋರಿಸಿದೆ. ಪೂರ್ತಿ ಓದದೆ ಮರಳಿ ಕೊಟ್ಟ.

“ಅವತ್ತೇ ಗೊತ್ತಿತ್ತಲ್ಲ, ಸಾಹುಕಾರರೇ” ಎಂದ.