ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್: 1973ರ ಚಿತ್ರವನ್ನು ಮೆಚ್ಚಿದವರು 2000ದ ಚಿತ್ರವನ್ನು ನೋಡಬೇಕೆ?

ನೀವು ಕೇಳಿರುವುದು ಎರಡು ಪ್ರಶ್ನೆಗಳು. ಯೇಸುವಿನ ಕೊನೆಯ ದಿನಗಳ ಕಥೆಯನ್ನು ಹಾಡಿನಲ್ಲೇ ಹೇಳುವ ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ನ 1973ರ ಚಿತ್ರವನ್ನು ನೋಡಿ ಮೆಚ್ಚಿರುವ ನೀವು 2000ದ ಮರುನಿರ್ಮಾಣವನ್ನೂ ನೋಡಬೇಕೆ ಎಂಬುದು ಒಂದು, ಹಳೆಯದು ಅಷ್ಟು ಚೆನ್ನಾಗಿರುವಾಗ ಹೊಸದನ್ನು ಏಕೆ ಮಾಡಿದರು ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ: ಖಂಡಿತ ನೋಡಿ, ಗುರುವಿಗೆ ದ್ರೋಹ ಬಗೆದ ಶಿಷ್ಯ ಯೂದನ ಪಾತ್ರಕ್ಕಾಗಿಯಾದರೂ ನೋಡಿ. ಎರಡನೆಯದಕ್ಕೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಈ ಉತ್ತರ ಬರೆಯುವ ಮುನ್ನ ಎರಡು ರಾತ್ರಿ ಕುಳಿತು, ಒಂದು ಹಾಡನ್ನು ಹಳೆಯದರಲ್ಲಿ ನೋಡಿ ಅದೇ ಹಾಡನ್ನು ಹೊಸದರಲ್ಲಿ ನೋಡುತ್ತ, ಎರಡನ್ನೂ ಮುಗಿಸಿದ್ದೇನೆ. ಹೀಗೆ ತುಂಡುತುಂಡಾಗಿ ನೋಡುವುದು ಕಲಾಕೃತಿಗೆ ಮಾಡುವ ಅನ್ಯಾಯವೇ ಸರಿ. ಆದರೆ ಹೋಲಿಸುವುದಕ್ಕೆ ಬೇರೆ ದಾರಿ ನನಗೆ ತೋಚಲಿಲ್ಲ.

ಮೊದಲು ಒಂದು ಸ್ಪಷ್ಟನೆ. 2000ದ ಚಿತ್ರವನ್ನು 1973ರ ಚಿತ್ರದ ಮರುನಿರ್ಮಾಣವೆಂದು ಎಲ್ಲರೂ ಕರೆಯುತ್ತಾರಾದರೂ, ಎರಡಕ್ಕೂ ಮೂಲ 1970ರಲ್ಲಿ ಬಂದ ಒಂದು ಧ್ವನಿಮುದ್ರಿಕೆ. ಆಂಡ್ರ್ಯೂ ಲಾಯ್ಡ್ ವೆಬರ್ ಸಂಗೀತ ಕೊಟ್ಟು, ಟಿಮ್ ರೈಸ್ ಸಾಹಿತ್ಯ ಬರೆದ ಈ ಕೃತಿ ರಂಗಕ್ಕೆ ಬರುವ ಮೊದಲು ಕೇವಲ ಕೇಳುವ ವಸ್ತುವಾಗಿತ್ತು. ಅದರಲ್ಲಿ ಯೇಸುವಿಗೆ ಕಂಠ ಕೊಟ್ಟವರು ಡೀಪ್ ಪರ್ಪಲ್ ಎಂಬ ರಾಕ್ ತಂಡದ ಇಯಾನ್ ಗಿಲನ್, ಯೂದನಿಗೆ ಮರ್ರಿ ಹೆಡ್. 1971ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಕ್ಕೆ, 1972ರಲ್ಲಿ ಲಂಡನ್ನಿನ ರಂಗಮಂದಿರಕ್ಕೆ, ಅದರ ಮರುವರ್ಷ ಬೆಳ್ಳಿತೆರೆಗೆ ಅದು ಏರಿತು. ನಮ್ಮಲ್ಲಿ ಗೀತನಾಟಕವೆಂದು ಕರೆಯುವ ಪ್ರಕಾರಕ್ಕೆ ಇದು ಹತ್ತಿರದ್ದು: ಆಡುವ ಮಾತು ಇಲ್ಲವೆನ್ನುವಷ್ಟು ಕಡಿಮೆ, ಜಗಳ, ಸಂಚು, ವಿಚಾರಣೆ, ಸಾವು ಎಲ್ಲವೂ ಹಾಡಿನಲ್ಲಿಯೇ ನಡೆಯುತ್ತವೆ. 2000ದ ಚಿತ್ರ ಹುಟ್ಟಿದ್ದು ಬೇರೊಂದು ಕವಲಿನಿಂದ. 1996ರಲ್ಲಿ ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ಗೇಲ್ ಎಡ್ವರ್ಡ್ಸ್ ಈ ಕೃತಿಯನ್ನು ಹೊಸ ರೂಪದಲ್ಲಿ ರಂಗಕ್ಕೆ ತಂದಿದ್ದರು. ಅದೇ ದೃಷ್ಟಿಯನ್ನು ನಿಕ್ ಮಾರಿಸ್ ಅವರೊಡನೆ ಸೇರಿ ಕ್ಯಾಮರಾಕ್ಕೆ ಒಗ್ಗಿಸಿದರು. ಆದ್ದರಿಂದ ಹೊಸದನ್ನು ಹಳೆಯ ಚಿತ್ರದ ನಕಲೆಂದು ನೋಡಹೊರಟರೆ ನಿರಾಶೆ ಖಚಿತ. ಅದನ್ನು ಅದರ ಅಣ್ಣನ ಪಕ್ಕ ನಿಲ್ಲಿಸಿ ನೋಡಬೇಕು, ಅಪ್ಪನ ಪಕ್ಕ ನಿಲ್ಲಿಸಿ ನೋಡಬಾರದು.

1973ರ ಚಿತ್ರದ ಆರಂಭವನ್ನು ನೆನಪಿಸಿಕೊಳ್ಳಿ. ಇಸ್ರೇಲಿನ ಮರುಭೂಮಿ, ಪಾಳುಬಿದ್ದ ಕಲ್ಲುಕಂಬಗಳು, ದೂರದಲ್ಲಿ ಧೂಳೆಬ್ಬಿಸುತ್ತ ಬರುವ ಒಂದು ಹಳೆಯ ಬಸ್ಸು. ಬಸ್ಸು ನಿಂತೊಡನೆ ಯುವಕ ಯುವತಿಯರ ಗುಂಪೊಂದು ಇಳಿದು, ಉಡುಪು, ಶಿರಸ್ತ್ರಾಣ, ಬಂದೂಕುಗಳನ್ನು ಇಳಿಸಿ, ಕೊನೆಗೆ ಬಸ್ಸಿನ ಮೇಲೆ ಕಟ್ಟಿದ್ದ ಭಾರದ ಶಿಲುಬೆಯನ್ನು ಹಲವರು ಕೈಹಾಕಿ ಕೆಳಗಿಳಿಸುತ್ತಾರೆ. ಯಕ್ಷಗಾನದಲ್ಲಿ ಚೌಕಿ, ಅಂದರೆ ವೇಷ ಕಟ್ಟುವ ಜಾಗ, ಪ್ರೇಕ್ಷಕನ ಕಣ್ಣಿಗೆ ಮರೆಯಲ್ಲಿರುತ್ತದೆ. ನಿರ್ದೇಶಕ ನಾರ್ಮನ್ ಜುವಿಸನ್ ಚೌಕಿಯನ್ನೇ ಮೊದಲು ತೋರಿಸಿಬಿಡುತ್ತಾರೆ. ‘ನಾವು ವೇಷ ಕಟ್ಟುವವರು, ಈಗ ಒಂದು ಕಥೆ ಆಡುತ್ತೇವೆ’ ಎಂಬ ಈ ಒಪ್ಪಂದ ಒಮ್ಮೆ ಆಯಿತೆಂದರೆ, ಆಮೇಲೆ ಏನು ಬಂದರೂ ನಾವು ಒಪ್ಪಿಕೊಳ್ಳುತ್ತೇವೆ. ರೋಮನ್ ಸೈನಿಕರು ಹೊಳೆಯುವ ಶಿರಸ್ತ್ರಾಣದ ಕೆಳಗೆ ನೇರಳೆ ಬನಿಯನ್ ತೊಟ್ಟು ಮಷೀನ್‌ಗನ್ ಹಿಡಿದಿದ್ದರೂ ತಕರಾರಿಲ್ಲ. ಮಹಾಯಾಜಕ ಕಾಯಫ ಮತ್ತು ಅವನ ಸಂಗಡಿಗರು ಕಟ್ಟಡ ಕೆಲಸದವರು ಕಟ್ಟುವಂಥ ಕಂಬಿಗಳ ಅಟ್ಟಣಿಗೆಯ ಮೇಲೆ ರಣಹದ್ದುಗಳ ಹಾಗೆ ಕುಳಿತಿದ್ದರೂ ತಕರಾರಿಲ್ಲ.

ಈ ಒಪ್ಪಂದದ ಪೂರ್ಣ ಫಲ ಸಿಗುವುದು ಯೂದ ದ್ರೋಹಕ್ಕೆ ಹೊರಡುವ ಘಳಿಗೆಯಲ್ಲಿ. ಖಾಲಿ ಮರಳುಗಾಡಿನಲ್ಲಿ ಒಂಟಿಯಾಗಿ ಕುಳಿತ ಅವನ ಹಿಂದಿನ ದಿಬ್ಬದಿಂದ ಯುದ್ಧದ ಟ್ಯಾಂಕುಗಳು ಸಾಲಾಗಿ ಮೇಲೆದ್ದು ಬರುತ್ತವೆ. ಅವನು ಓಡುತ್ತಾನೆ, ಅವು ಅಟ್ಟಿಸಿಕೊಂಡು ಬರುತ್ತವೆ. ಆ ಟ್ಯಾಂಕುಗಳನ್ನು ಯಾರು ಓಡಿಸುತ್ತಿದ್ದಾರೆಂಬುದು ತಿಳಿಯುವುದಿಲ್ಲ, ಹಾಡಿನಲ್ಲಿ ಅವುಗಳ ಸುಳಿವೂ ಇಲ್ಲ. ಮನಸ್ಸಿನ ಒತ್ತಡವೊಂದು ಉಕ್ಕಾಗಿ ಮಾರ್ಪಟ್ಟು ಬೆನ್ನಟ್ಟಿದಂತೆ ಇರುತ್ತದೆ ಆ ದೃಶ್ಯ. ಹಳತರ ನಡುವೆ ಹೊಸತು ಹೀಗೆ ಅಪರೂಪಕ್ಕೊಮ್ಮೆ, ಎಚ್ಚರಿಕೆಯಿಂದ ಬಂದಾಗ ಅದಕ್ಕೊಂದು ಪೆಟ್ಟು ಇರುತ್ತದೆ.

2000ದ ಚಿತ್ರದಲ್ಲಿ ಈ ಪೆಟ್ಟು ತಪ್ಪಿಹೋಗಿದೆ. ಅದು ಲಂಡನ್ ಸಮೀಪದ ಪೈನ್‌ವುಡ್ ಸ್ಟುಡಿಯೊದೊಳಗೆ ಚಿತ್ರೀಕರಣಗೊಂಡದ್ದು, ಆಕಾಶವೆಂಬುದೇ ಅದರಲ್ಲಿಲ್ಲ. ಗೋಡೆಗಳ ಮೇಲೆ ಬಣ್ಣದ ಗೀಚುಬರಹ, ಬೀದಿ ಹುಡುಗರ ಪಡೆಯಂತಿರುವ ಶಿಷ್ಯರು, ಇಪ್ಪತ್ತನೆಯ ಶತಮಾನದ ಸರ್ವಾಧಿಕಾರಿಗಳ ಪಡೆಗಳನ್ನು ನೆನಪಿಸುವ ಕಪ್ಪು ಸಮವಸ್ತ್ರದ ರೋಮನ್ನರು. ಎಲ್ಲವೂ ಆಧುನಿಕವೇ ಆಗಿರುವುದರಿಂದ ಯಾವುದೂ ಆಧುನಿಕವೆಂದು ಕಣ್ಣಿಗೆ ಹೊಡೆಯುವುದಿಲ್ಲ. ಇದರಲ್ಲೊಂದು ವಿಚಿತ್ರವಿದೆ: ಇಂದಿನದಾಗಿ ಕಾಣಬೇಕೆಂದು ಮಾಡಿದ ಚಿತ್ರವೇ ಈಗ ಹೆಚ್ಚು ಹಳೆಯದಾಗಿ ಕಾಣುತ್ತದೆ. ತೊಂಬತ್ತರ ದಶಕದ ಕೊನೆಯ ಸಂಗೀತ ವಿಡಿಯೊಗಳ ನೀಲಿ ಬೆಳಕು, ಆ ಕಾಲದ ಪ್ಯಾಂಟು, ಆ ಕಾಲದ ಕೇಶವಿನ್ಯಾಸ ತಾರೀಖಿನ ಮೊಹರಿನಂತೆ ಪ್ರತಿ ಚೌಕಟ್ಟಿನಲ್ಲೂ ಕಾಣುತ್ತವೆ. 1973ರದರಲ್ಲಿ ಬೆಲ್‌ಬಾಟಮ್ ಪ್ಯಾಂಟುಗಳೂ ಹಿಪ್ಪಿ ಕೂದಲೂ ಇಲ್ಲವೆಂದಲ್ಲ, ಬೇಕಾದಷ್ಟಿವೆ. ಆದರೆ ಅವು ಬಸ್ಸಿನಿಂದಿಳಿದ ಆ ನಟರ ಬಟ್ಟೆಗಳು, ಕಥೆಯ ಬಟ್ಟೆಗಳಲ್ಲ. ಹಿಂದೆ ನಿಂತ ಬಂಡೆಗಳಿಗಂತೂ ವಯಸ್ಸೇ ಇಲ್ಲ.

ಹಾಗಾದರೆ ಹೊಸದನ್ನು ನೋಡಿ ಎಂದು ಏಕೆ ಹೇಳಿದೆ? ಯೂದನ ಪಾತ್ರ ಮಾಡಿರುವ ಜೆರೋಮ್ ಪ್ರಾಡೋನ್ ಕಾರಣ.

ಈ ಕೃತಿಯ ಮೊದಲ ಹಾಡು ಯೇಸುವಿನದಲ್ಲ, ಯೂದನದು. ಗುರುವಿನ ಸುತ್ತ ಬೆಳೆಯುತ್ತಿರುವ ಜನಜಾತ್ರೆಯನ್ನು ಕಂಡು ಭಯಪಟ್ಟು, ರೋಮನ್ನರು ನಮ್ಮನ್ನೆಲ್ಲ ಹೊಸಕಿಹಾಕುತ್ತಾರೆಂದು ಎಚ್ಚರಿಸುವ ಶಿಷ್ಯನ ಹಾಡು ಅದು. 1973ರಲ್ಲಿ ಕಾರ್ಲ್ ಆಂಡರ್ಸನ್ ಅದನ್ನು ಬಂಡೆಯೊಂದರ ತುದಿಯಲ್ಲಿ ಒಂಟಿಯಾಗಿ ನಿಂತು ಹಾಡುತ್ತಾರೆ. ಕೆಳಗೆ ಬಹುದೂರದಲ್ಲಿ ಯೇಸುವಿನ ಗುಂಪು ಚಿಕ್ಕದಾಗಿ ಕಾಣುತ್ತದೆ. ಆ ಕಂಠದ ಬಗ್ಗೆ ಏನು ಹೇಳಿದರೂ ಕಡಿಮೆಯೇ. ಮೇಲಿನ ಸ್ವರಗಳಿಗೆ ಏರುವಾಗ ಅದು ಸೀಳುವುದಿಲ್ಲ, ಕೆಂಡದಂತೆ ಇನ್ನಷ್ಟು ಕೆಂಪಾಗುತ್ತದೆ. 2004ರಲ್ಲಿ ಅವರು ತೀರಿಕೊಂಡ ಮೇಲೆ ಈ ಪಾತ್ರಕ್ಕೆ ಯಾರೇ ಬಂದರೂ ಅವರ ನೆರಳಿನಲ್ಲೇ ನಿಲ್ಲಬೇಕಾಗಿದೆ. ಆದರೆ ಅವರ ಯೂದ ದೂರದವನು. ಅವನ ಸಿಟ್ಟು ರಾಜಕೀಯದ ಸಿಟ್ಟು; ವಾದದಲ್ಲಿ ಅವನೇ ಸರಿಯೆಂದು ನಮಗೆ ಅನ್ನಿಸುತ್ತದೆ.

ಪ್ರಾಡೋನ್ ಅವರ ಕಂಠಕ್ಕೆ ಆ ಬಲವಿಲ್ಲ. ಎತ್ತರದ ಸ್ವರಗಳಲ್ಲಿ ಅದು ತೆಳುವಾಗುತ್ತದೆ, ಕೆಲವೆಡೆ ಒಡೆಯುತ್ತದೆ, ಕೆಲವು ಸಾಲುಗಳನ್ನು ಅವರು ಹಾಡುವುದಕ್ಕಿಂತ ಹೆಚ್ಚಾಗಿ ಉಸುರುತ್ತಾರೆ. ಕೇವಲ ಧ್ವನಿಮುದ್ರಿಕೆ ಕೇಳುವವರು ಐದು ನಿಮಿಷದಲ್ಲಿ ನಿಲ್ಲಿಸಿಬಿಡಬಹುದು. ಕ್ಯಾಮರಾ ಹತ್ತಿರ ಹೋದಾಗ ಮಾತ್ರ ಆ ದೌರ್ಬಲ್ಯವೇ ಪಾತ್ರವಾಗುತ್ತದೆ. ಯೇಸು ಬೇರೆಯವರ ಕಡೆ ತಿರುಗಿದಾಗಲೆಲ್ಲ ಈ ಯೂದನ ಮುಖದಲ್ಲಿ ಹಾದುಹೋಗುವ ಅಸೂಯೆಯನ್ನು ನೋಡಿ. ಎಲ್ಲರಿಗಿಂತ ಹತ್ತಿರದವನಾಗಿದ್ದು ಈಗ ಹೊರಗೆ ನಿಂತವನ ಸಂಕಟ ಅದು. ಕೊನೆಯ ಊಟದ ಜಗಳವನ್ನು ಎರಡರಲ್ಲೂ ಒಂದಾದ ಮೇಲೊಂದರಂತೆ ನೋಡಿದರೆ ವ್ಯತ್ಯಾಸ ಥಟ್ಟನೆ ತಿಳಿಯುತ್ತದೆ. ಹಳೆಯದರಲ್ಲಿ ಅದು ಇಬ್ಬರು ನಾಯಕರ ನಡುವಿನ ಬಿರುಕು. ಹೊಸದರಲ್ಲಿ ಒಂದೇ ಮನೆಯ ಇಬ್ಬರು ಎದುರಾಎದುರು ನಿಂತು, ಆಡಬಾರದ ಮಾತನ್ನು ಆಡಿ ಮುಗಿಸುವ ಹೊತ್ತು. ಇನ್ನು, ಯೇಸುವಿನ ಅನುಯಾಯಿ ಮಗ್ದಲದ ಮರಿಯಳು ಹಾಡುವ ‘ಅವನನ್ನು ಹೇಗೆ ಪ್ರೀತಿಸಲಿ’ ಎಂಬ ಹಾಡಿನ ಸ್ವರಗಳನ್ನೇ ಯೂದ ಸಾಯುವ ಮುನ್ನ ಮತ್ತೆ ಹಾಡುತ್ತಾನಲ್ಲ, ಅದು ಏಕೆಂಬುದು ನನಗೆ ಪೂರ್ತಿ ಅರ್ಥವಾದದ್ದು ಪ್ರಾಡೋನ್ ಅವರನ್ನು ನೋಡಿದ ಮೇಲೆಯೇ.

ಯೇಸುವಿನ ವಿಷಯದಲ್ಲಿ ನನಗೆ ಅನುಮಾನವಿಲ್ಲ, ಹಳೆಯದೇ ಮೇಲು. ಗೆತ್ಸೆಮನೆ ತೋಟದ ಹಾಡನ್ನೇ ತೆಗೆದುಕೊಳ್ಳಿ. ನಾನೇಕೆ ಸಾಯಬೇಕೆಂದು ದೇವರನ್ನು ಕೇಳುವ ಆ ಹಾಡಿನಲ್ಲಿ 1973ರ ಯೇಸು ಟೆಡ್ ನೀಲಿ ಬೋಳುಬಂಡೆಗಳನ್ನು ಕೈಯೂರಿ ಹತ್ತುತ್ತ ಹೋಗುತ್ತಾರೆ. ‘ಏಕೆ’ ಎಂಬ ಒಂದೇ ಪದ ತಾರಸ್ಥಾಯಿಗೆ ಏರಿ ಕಿರುಚಾಟಕ್ಕೂ ಗಾಯನಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ. ಆಮೇಲೆ, ಶತಮಾನಗಳಿಂದ ಚಿತ್ರಕಾರರು ಬರೆದ ಶಿಲುಬೆಯ ವರ್ಣಚಿತ್ರಗಳು ಒಂದರ ಮೇಲೊಂದು ಮಿಂಚಿ ಮಾಯವಾಗುತ್ತವೆ. ಸಾಯುವುದಕ್ಕೆ ಮೊದಲೇ ತನ್ನ ಸಾವಿನ ಚಿತ್ರಗಳನ್ನೆಲ್ಲ ಅವನಿಗೆ ತೋರಿಸಿದಂತೆ! 2000ದ ಯೇಸು ಗ್ಲೆನ್ ಕಾರ್ಟರ್ ಸಮರ್ಥ ಗಾಯಕರು, ಸ್ವರ ತಪ್ಪುವವರಲ್ಲ. ಆದರೆ ಅವರ ಯೇಸುವಿನಲ್ಲಿ ಒಂದು ಬಗೆಯ ತಣ್ಣಗಿನ ಅಂದವಿದೆ, ದಣಿವಿಲ್ಲ. ನೀಲಿಯವರದು ಸಣಕಲು ಮೈ, ನಿದ್ದೆಗೆಟ್ಟ ಕಣ್ಣು. ರೋಗಿಗಳು ಸುತ್ತುವರಿದು ಮೈಮೇಲೆ ಬೀಳುವ ದೃಶ್ಯದಲ್ಲಿ ಅವರಿಗೆ ಉಸಿರುಕಟ್ಟುವುದನ್ನು ನಾವು ನಂಬುತ್ತೇವೆ.

ಸಂಗೀತದ ಬಗ್ಗೆ ಒಂದು ಮಾತು, ಸ್ವಲ್ಪ ದಿನ ಮೃದಂಗ ಕಲಿತವನಾದ್ದರಿಂದ. ಮರಿಯಳು ಯೇಸುವನ್ನು ಸಮಾಧಾನಪಡಿಸುವ ಹಾಡು ಐದರ ಎಣಿಕೆಯಲ್ಲಿ ನಡೆಯುತ್ತದೆ, ದೇವಾಲಯದ ಅಂಗಳದ ಸಂತೆಯ ಹಾಡು ಏಳರಲ್ಲಿ. ರಾಕ್ ಸಂಗೀತದ ನಾಲ್ಕರ ಹೆಜ್ಜೆಗೆ ಒಗ್ಗಿದವರಿಗೆ ಇವು ಎಡವಿದಂತೆ ಕೇಳಿಸಬಹುದು. ಐದರ ಖಂಡ ಚಾಪು, ಏಳರ ಮಿಶ್ರ ಚಾಪು ತಾಳಗಳಿಗೆ ಕೈತಟ್ಟಿ ಬೆಳೆದವರಿಗೆ ಇವು ಸಲೀಸು. 1973ರ ಚಿತ್ರದಲ್ಲಿ ವಾದ್ಯವೃಂದವನ್ನು ನಡೆಸಿದವರು ಆಂದ್ರೆ ಪ್ರೆವಿನ್. ಗಿಟಾರು, ಡ್ರಮ್ಮುಗಳ ಜೊತೆಗೇ ತಂತಿವಾದ್ಯಗಳೂ ಕಹಳೆಗಳೂ ಉಸಿರಾಡುತ್ತವೆ, ಏಳರ ಎಣಿಕೆಯ ಆ ಸಂತೆ ನಿಜವಾಗಿಯೂ ನೂಕುನುಗ್ಗಲಿನ ಸಂತೆಯಾಗುತ್ತದೆ. 2000ದ ಮುದ್ರಣ ಹೆಚ್ಚು ಸ್ವಚ್ಛ, ಹೆಚ್ಚು ನುಣುಪು, ನನ್ನ ಕಿವಿಗೆ ಅದೇ ಅದರ ಕೊರತೆ. ಮರಿಯಳ ಪಾತ್ರದಲ್ಲಿ ರೆನೆ ಕ್ಯಾಸಲ್ ಚೆನ್ನಾಗಿಯೇ ಹಾಡಿದ್ದಾರೆ. ಆದರೆ ಮೊದಲ ಧ್ವನಿಮುದ್ರಿಕೆಯಿಂದ ಬ್ರಾಡ್‌ವೇವರೆಗೆ, ಅಲ್ಲಿಂದ ಚಿತ್ರದವರೆಗೆ ಈ ಪಾತ್ರದೊಡನೆ ನಡೆದುಬಂದ ಇವಾನ್ ಎಲಿಮನ್ ಅವರಿಗೆ ಆ ಹಾಡುಗಳು ಮಾತಿನಷ್ಟೇ ಸಹಜವಾಗಿದ್ದವು. ಯೇಸುವಿಗೆ ಮರಣದಂಡನೆ ವಿಧಿಸುವ ರೋಮನ್ ಅಧಿಪತಿ ಪಿಲಾತನಾಗಿ ಬ್ಯಾರಿ ಡೆನ್ನನ್ ಅವರದೂ ಅದೇ ಕಥೆ. ರಾಜ ಹೆರೋದನ ಹಾಸ್ಯಗೀತೆಯಲ್ಲಿ ಮಾತ್ರ, ನೀರಿನ ಮೇಲಿನ ತೆಪ್ಪದಲ್ಲಿ ಬರಿಮೈಯಲ್ಲಿ ಕುಣಿಯುವ ಜಾಷ್ ಮೋಸ್ಟೆಲ್ ಅವರಿಗೂ, ಹಾಡುವುದಕ್ಕಿಂತ ಹೆಚ್ಚು ಮುಖ ಸೊಟ್ಟಗೆ ಮಾಡುವ ರಿಕ್ ಮೇಯಲ್ ಅವರಿಗೂ ಸಮನಾದ ಅಂಕ ಕೊಡುತ್ತೇನೆ.

ಹಳೆಯದರ ದೋಷಗಳನ್ನು ಮುಚ್ಚಿಡುವುದು ಸರಿಯಲ್ಲ. ಕಪ್ಪು ನಿಲುವಂಗಿ, ವಿಚಿತ್ರ ಟೋಪಿಗಳ ಯಾಜಕರನ್ನು ಖಳರಂತೆ ಚಿತ್ರಿಸಿದ್ದರಿಂದ ಯೆಹೂದ್ಯ ಸಂಘಟನೆಗಳು ಆಗಲೇ ಆಕ್ಷೇಪಿಸಿದ್ದವು. ಈಗ ನೋಡಿದರೂ ಆ ದೃಶ್ಯಗಳು ಇರಿಸುಮುರಿಸು ಉಂಟುಮಾಡುತ್ತವೆ. ಬಿಳಿಯ ಯೇಸುವಿಗೆ ದ್ರೋಹ ಬಗೆಯುವವನ ಪಾತ್ರವನ್ನು ಕರಿಯ ನಟನಿಗೆ ಕೊಟ್ಟದ್ದೂ ಪ್ರಶ್ನೆಗೆ ಒಳಗಾಯಿತು. ಈ ಗಂಟನ್ನು ಬಿಡಿಸಿದ್ದು 2000ದ ಚಿತ್ರವಲ್ಲ, 2018ರ ಈಸ್ಟರ್ ಭಾನುವಾರ ಅಮೆರಿಕದ ಎನ್‌ಬಿಸಿ ವಾಹಿನಿ ಬ್ರೂಕ್ಲಿನ್‌ನಿಂದ ನೇರಪ್ರಸಾರ ಮಾಡಿದ ಪ್ರಯೋಗ. ಅಲ್ಲಿ ಯೇಸು ಜಾನ್ ಲೆಜೆಂಡ್, ಯೂದ ಬ್ರ್ಯಾಂಡನ್ ವಿಕ್ಟರ್ ಡಿಕ್ಸನ್, ಇಬ್ಬರೂ ಕರಿಯರು. ಬಣ್ಣದ ಲೆಕ್ಕ ಅಲ್ಲಿಗೆ ಮುಗಿದು ಉಳಿದದ್ದು ಇಬ್ಬರು ಮನುಷ್ಯರ ಲೆಕ್ಕ. ನೀವು ಕೇಳದಿದ್ದರೂ ಅದನ್ನು ಹೆಸರಿಸುತ್ತಿರುವುದಕ್ಕೆ ಇನ್ನೊಂದು ಕಾರಣವಿದೆ. 1973ರಲ್ಲಿ ಹಾಡುಗಳನ್ನು ಮೊದಲೇ ಮುದ್ರಿಸಿಕೊಂಡು ಮರುಭೂಮಿಯಲ್ಲಿ ತುಟಿ ಆಡಿಸಿದರು. 2018ರಲ್ಲಿ ಪ್ರತಿ ಸ್ವರವನ್ನೂ ಪ್ರೇಕ್ಷಕರ ಎದುರಿಗೇ ಹಾಡಬೇಕಿತ್ತು. ಪ್ರೇಕ್ಷಕರ ಕೂಗಾಟ ಎಷ್ಟೋ ಕಡೆ ರಸಭಂಗ ಮಾಡಿದರೂ, ಯೇಸುವಿನ ಸುತ್ತಲಿನ ಜನಮರುಳೇ ಯೂದನ ಭಯಕ್ಕೆ ಕಾರಣವಾದ್ದರಿಂದ, ಆ ಕೂಗಾಟವೂ ಕಥೆಯ ಒಂದು ಭಾಗವಾಗಿಬಿಟ್ಟಿತು.

ನೀವು 2000ದ ಚಿತ್ರವನ್ನು ನೋಡುವುದಾದರೆ ನನ್ನ ಸಲಹೆ ಇಷ್ಟು: ಟಿವಿಯ ಹತ್ತಿರ ಕುಳಿತು ನೋಡಿ, ದೂರ ಕುಳಿತು ನೋಡುವ ಚಿತ್ರ ಅದಲ್ಲ, ಕಣ್ಣು ಪ್ರಾಡೋನ್ ಮೇಲಿರಲಿ, ಅವರು ಹಾಡದೆ ಸುಮ್ಮನೆ ಮೂಲೆಯಲ್ಲಿ ನಿಂತಿರುವಾಗಲೂ. ಅದಾದ ಮೇಲೆ 1973ರದರ ಕೊನೆಯ ಕೆಲವು ನಿಮಿಷಗಳನ್ನು ಮತ್ತೊಮ್ಮೆ ಹಾಕಿಕೊಳ್ಳಿ. ವೇಷ ಕಳಚಿದ ನಟರು ಮಾತಿಲ್ಲದೆ ಬಸ್ಸು ಹತ್ತುತ್ತಾರೆ. ಮರಿಯಳ ಪಾತ್ರಧಾರಿ ತಿರುಗಿ ನೋಡುತ್ತಾಳೆ, ಯೂದನ ಪಾತ್ರಧಾರಿಯೂ ಬಾಗಿಲಲ್ಲಿ ನಿಂತು ತಿರುಗಿ ನೋಡುತ್ತಾನೆ. ಬಸ್ಸು ಹೊರಡುತ್ತದೆ. ಹತ್ತಿದವರನ್ನು ಒಬ್ಬೊಬ್ಬರಾಗಿ ಎಣಿಸುತ್ತ ಬನ್ನಿ. ಯೇಸುವಿನ ಪಾತ್ರ ಮಾಡಿದವನು ಆ ಎಣಿಕೆಯಲ್ಲಿ ಸಿಗುವುದಿಲ್ಲ.