ಡ್ಯಾಷ್‌ಹೌಂಡ್ ಹೆಸರಿಗೂ ಓಟಕ್ಕೂ ನಂಟಿಲ್ಲ

'ಡ್ಯಾಷ್' ಅಂದರೆ ಓಟ, 'ಹೌಂಡ್' ಅಂದರೆ ಬೇಟೆನಾಯಿ, ಹಾಗಾದರೆ ಇಷ್ಟು ಗಿಡ್ಡ ಕಾಲಿನ ನಾಯಿಗೆ ಈ ಹೆಸರು ಯಾಕೆ ಅಂತ ಕೇಳಿದ್ದೀರಿ. ಅನುಮಾನ ಸರಿಯಾಗಿಯೇ ಇದೆ! ಇದು ಇಂಗ್ಲಿಷ್ ಹೆಸರೇ ಅಲ್ಲ, ಜರ್ಮನ್. ಅಲ್ಲಿ 'ಡಾಕ್ಸ್' ಅಂದರೆ ಬ್ಯಾಡ್ಜರ್, ನೆಲದಲ್ಲಿ ಬಿಲ ತೋಡಿ ಬದುಕುವ ಪ್ರಾಣಿ. 'ಹುಂಟ್' ಅಂದರೆ ಸುಮ್ನೆ ನಾಯಿ, ಯಾವ ನಾಯಿಯಾದರೂ ಸರಿ. ಬ್ಯಾಡ್ಜರ್ ಬಿಲಕ್ಕೆ ನುಗ್ಗಿ ಅದನ್ನು ಎದುರಿಸಲೆಂದೇ ಈ ತಳಿಯನ್ನು ಬೆಳೆಸಿದರು. ಗಿಡ್ಡ ಕಾಲು, ಉದ್ದ ಮೈ, ಅಗೆಯೋಕೆ ಗಟ್ಟಿ ಪಂಜ ಎಲ್ಲಾ ಆ ಕೆಲಸಕ್ಕೇ. ನೋಡೋಕೆ ಮುದ್ದು, ಆದರೆ ಧೈರ್ಯ ಜಾಸ್ತಿ. ತಮಾಷೆ ಅಂದರೆ, ಜರ್ಮನಿಯಲ್ಲಿ ಈಗ ಜನ ಇದನ್ನು ಹೆಚ್ಚಾಗಿ 'ಡಾಕೆಲ್' ಅಂತಲೇ ಕರೆಯುತ್ತಾರೆ. ಬೇಟೆಗಾರರ ಬಾಯಲ್ಲಿ ಅದು 'ಟೆಕೆಲ್'. ಉದ್ದನೆಯ ಹೆಸರು ಉಳಿದದ್ದು ಹೊರದೇಶಗಳಲ್ಲೇ ಜಾಸ್ತಿ.